ಹೆಣದ ಪಾತ್ರಕ್ಕೆ ಒಪ್ಪಿದ ಮಾತಿನ ಮಲ್ಲ

ಮೇಜಿನ ಮೇಲಿದ್ದ ಬಿಳಿ ಬಟ್ಟೆಯನ್ನು ಸರಿಸಿದವಳೇ ಅವಳು ಎರಡು ಹೆಜ್ಜೆ ಹಿಂದಕ್ಕೆ ಹೋದಳು. ಹೆಣವಾಗಿ ಮಲಗಿದ್ದವನು ಅವನೇ.

ಎರಡು ವರ್ಷದ ಹಿಂದೆ, ಅವರಿಬ್ಬರ ಮದುವೆಗೆ ಹದಿನೈದು ದಿನ ಇರುವಾಗ, ‘ನನ್ನನ್ನು ಮರೆತುಬಿಡು’ ಎಂದು ಒಂದು ಸಾಲು ಕಳಿಸಿ ಕಾಣೆಯಾದವನು!

ನಿರ್ದೇಶಕರು ಹೇಳಿದ್ದು ಇಷ್ಟೇ. ಮಂಜು ಮುಸುಕಿದ ಬೆಟ್ಟದ ಬಂಗಲೆಯಲ್ಲಿ ಒಂದು ಕೊಲೆ. ಮೊದಲ ದೃಶ್ಯದಿಂದ ಕೊನೆಯವರೆಗೂ ಹೆಣ ಪರದೆಯ ಮೇಲಿರುತ್ತದೆ. ಅದಕ್ಕೆ ಮೇಕಪ್ ಮಾಡಬೇಕು. ಹೆಣ ಯಾರೆಂದು ಅವಳು ಕೇಳಿರಲಿಲ್ಲ. ಕೇಳಿದ್ದರೂ ನಂಬುತ್ತಿರಲಿಲ್ಲ. ಪುಟಗಟ್ಟಲೆ ಸಂಭಾಷಣೆಯನ್ನು ಒಂದೇ ಉಸಿರಿಗೆ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದ ನಟ, ಚಿತ್ರರಂಗವೇ ‘ಮಾತಿನ ಮಲ್ಲ’ ಎಂದು ಕರೆಯುತ್ತಿದ್ದವನು, ತುಟಿಯೇ ಅಲುಗಿಸದ ಪಾತ್ರಕ್ಕೆ ಒಪ್ಪುವುದುಂಟೇ?

ಅವನು ಕಣ್ಣು ತೆರೆದ. ಅವಳನ್ನು ಕಂಡು ಗಡಬಡಿಸಿ ಏಳಲು ಹೋದ.

“ಮಲಗಿ. ನನಗೆ ಕೆಲಸ ಇದೆ.”

ಒಂದು ಕಾಲಕ್ಕೆ ‘ಲೋ’ ಎನ್ನುತ್ತಿದ್ದವಳ ಬಾಯಲ್ಲಿ ಈಗ ಬಹುವಚನ.

ಕೆನ್ನೆಗೆ ಬೂದು ಬಣ್ಣ ಬಳಿದಳು, ತುಟಿಗೆ ನೀಲಿ ತೀಡಿದಳು. ಬಳಿಯುತ್ತ ಬಳಿಯುತ್ತ ನುಂಗಿಕೊಂಡಿದ್ದೆಲ್ಲ ಹೊರಬಂತು. ಹೆಸರು ಬಂದ ಮೇಲೆ ತಾನು ಬೇಡವಾದೆನೇ, ಬೇರೆ ಯಾರಾದರೂ ಸಿಕ್ಕರೇ ಎಂದು ಕೇಳಿದಳು. ಅವನು ತುಟಿಪಿಟಕ್ಕೆನ್ನಲಿಲ್ಲ.

‘ಇಷ್ಟೊಂದು ಅಹಂಕಾರವೇ...’

“ಊರಿಗೆಲ್ಲ ಮಾತು ಹಂಚ್ತಿದ್ರಿ. ನನಗೊಂದು ಉತ್ತರ ಕೊಡೋಕೆ ಬಾಯಿಲ್ವಾ?”

ಅವನು ಮುಖ ಆಚೆ ತಿರುಗಿಸಿದ.

ಕತ್ತಿಗೆ ಹಗ್ಗ ಬಿಗಿದ ಗುರುತು ಬರೆಯಬೇಕಿತ್ತು. ಒದ್ದೆ ಹತ್ತಿಯಿಂದ ಒರೆಸಿದಳು. ಚರ್ಮದ ಬಣ್ಣವೇ ಹತ್ತಿಗೆ ಬಂತು. ಏನನ್ನೋ ಮುಚ್ಚಲು ಅವನೇ ದಪ್ಪಗೆ ಬಣ್ಣ ಹಚ್ಚಿಕೊಂಡಿದ್ದ. ಮತ್ತೆ ಒರೆಸಿದಳು. ಕಿವಿಯ ಕೆಳಗಿನಿಂದ ಎದೆಯ ಮೂಳೆಯವರೆಗೆ ಹೊಲಿಗೆ ಹಾಕಿದ ಗಾಯದ ಕಲೆ... ಇಂಥವನ್ನು ನೂರು ಸಲ ಬರೆದವಳಿಗೆ, ಇದು ಬರೆದದ್ದಲ್ಲ ಎಂದು ತಿಳಿಯಲು ಕ್ಷಣವೂ ಬೇಕಾಗಲಿಲ್ಲ.

ಹತ್ತಿ ಕೆಳಗಿಟ್ಟಳು.

“ಏನೋ ಇದು?”

ಅವನು ತುಟಿ ಅಲುಗಿಸಿದ. ಹೊರಬಂದದ್ದು ದನಿಯಲ್ಲ, ಬರೀ ಗಾಳಿ. ಅವಳು ಅವನ ಬಾಯಿಗೆ ಕಿವಿ ಕೊಟ್ಟಳು. ಗಂಟಲಲ್ಲಿ ಕೆಟ್ಟ ಗಡ್ಡೆ ಬೆಳೆದಿತ್ತಂತೆ. ವೈದ್ಯರು ಜೀವ ಉಳಿಸಿದರು, ದನಿ ಉಳಿಸಲಾಗಲಿಲ್ಲ. ವಿಷಯ ಗೊತ್ತಿದ್ದದ್ದು ನಿರ್ದೇಶಕರೊಬ್ಬರಿಗೇ. ಮಾತಿಲ್ಲದಿದ್ದರೂ ನಟ ನಟನೇ ಎಂದು ಅವರೇ ಕರೆದು ಈ ಪಾತ್ರ ಕೊಟ್ಟಿದ್ದರು.

“ನೀನು ಮೆಚ್ಚಿದ್ದು ನನ್ನ ಮಾತನ್ನ. ಅದೇ ಹೋದ ಮೇಲೆ ಯಾವ ಮುಖ ಇಟ್ಕೊಂಡು ಬರಲಿ?”

ಅವಳು ಕುರ್ಚಿಗೆ ಕುಸಿದಳು. ಅವನು ಆಸ್ಪತ್ರೆಯಲ್ಲಿ ಸಾವಿನೊಂದಿಗೆ ಸೆಣಸುತ್ತಿದ್ದಾಗ ತಾನು ಮನೆಯಲ್ಲಿ ಕೂತು ಅವನಿಗೆ ಹಿಡಿಶಾಪ ಹಾಕುತ್ತಿದ್ದಳು! ಅಳು ಬಂತು. ಅಳುವಿನ ಬೆನ್ನಿಗೇ ಕೆಂಡದಂಥ ಸಿಟ್ಟು ಬಂತು.

“ನನ್ನ ಕೇಳದೆ ತೀರ್ಮಾನ ಮಾಡೋಕೆ ನೀನ್ಯಾರು? ನೀನು ಆಡಿದ ಮಾತಲ್ಲಿ ಅರ್ಧ ನಾನು ಕೇಳಿಸ್ಕೊಂಡೇ ಇಲ್ಲ ಕಣೋ. ಸುಮ್ನೆ ನಿನ್ನ ಮುಖ ನೋಡ್ತಾ ಕೂತಿರ್ತಿದ್ದೆ.”

ಅವನು ಬೆರಗಾಗಿ ನೋಡುತ್ತಲೇ ಇದ್ದ.

ಅಷ್ಟರಲ್ಲಿ ಚಿತ್ರೀಕರಣಕ್ಕೆ ಕರೆ ಬಂತು. ದೀಪಗಳು ಹೊತ್ತಿದವು, ಹೊಗೆಯ ಮಂಜು ಹರಡಿತು, ಕ್ಯಾಮೆರಾ ನಿಧಾನವಾಗಿ ಅವನ ಮುಖದ ಹತ್ತಿರ ಬಂತು.

“ಕಟ್. ಹೆಣ ಅಳ್ತಾ ಇದೆ, ಯಾರಾದ್ರೂ ಒರೆಸಿ,” ಎಂದರು ನಿರ್ದೇಶಕರು.

ಅವಳೇ ಓಡಿದಳು. ಕೆನ್ನೆ ಒರೆಸಲು ಬಾಗಿದಾಗ ಅವನು ಅವಳ ಬೆರಳು ಹಿಡಿದುಕೊಂಡ.

“ನಿಮ್ಮಮ್ಮ ಮನೆಗೆ ಸೇರಿಸ್ತಾರಾ?” ಎಂದು ಉಸಿರಲ್ಲೇ ಕೇಳಿದ.

“ಬಾಗಿಲಲ್ಲೇ ನಿಲ್ಲಿಸಿ ಬೈತಾಳೆ.”

“ನನಗೆ ತಿರುಗಿ ಹೇಳೋಕೂ ಆಗಲ್ಲ.”

“ಎದುರು ಮಾತಾಡದ ಅಳಿಯನ್ನ ಯಾವ ಅತ್ತೆ ಬಿಟ್ಟುಕೊಡ್ತಾಳೆ, ಹೇಳು?”

ನೀಲಿ ತುಟಿಗಳು ನಕ್ಕುಬಿಟ್ಟವು. ತೀಡಿದ ಬಣ್ಣವೆಲ್ಲ ಬಿರುಕುಬಿಟ್ಟಿತು, ಅವಳಿಗೆ ಮತ್ತೆ ಮೊದಲಿನಿಂದ ಕೆಲಸ.