ಐದು ಮಂದಿಯ ಕೊಡ

ಕೊಡದ ಕಂಠದ ಮೇಲೆ ಬೇವಿನೆಲೆಯಷ್ಟು ಒಂದು ಮಚ್ಚೆ. ಅದು ಹಸಿರಿದ್ದರೆ ನೀರು ಕುಡಿಯಬಹುದು, ಕೆಂಪಾದರೆ ಕುಡಿಯಕೂಡದು. 2061ರ ಹೊತ್ತಿಗೆ ಜಾಲಿಕೊಪ್ಪದ ಮನೆಮನೆಗೂ ಇಂಥದೊಂದು ಮಣ್ಣಿನ ಕೊಡ ಬಂದಿತ್ತು. ಅದರ ಒಳಮೈಗೆ ಜೀವಾಣುಗಳ ತೆಳ್ಳನೆಯ ಪೊರೆ. ಬೋರಿನ ನೀರಿನಲ್ಲಿರುವ ಫ್ಲೋರೈಡನ್ನು ಅವು ಹೀರಿಕೊಳ್ಳುತ್ತಿದ್ದವು. ಹಲ್ಲು ಕಂದಿಸಿ, ಮೂಳೆ ಡೊಂಕು ಮಾಡಿ, ನಲವತ್ತಕ್ಕೇ ಕೋಲು ಹಿಡಿಸುವ ವಿಷ ಅದು. ಇನ್ನು ಕರೆಂಟು ಬೇಡ, ಸರದಿ ಬೇಡ. ಊರ ಮುಂದಿನ ಶುದ್ಧ ನೀರಿನ ಘಟಕಕ್ಕೆ ಬೀಗ ಬಿದ್ದು, ಬಾಗಿಲಲ್ಲಿ ಆಡುಗಳು ಮಲಗುತ್ತಿದ್ದವು.

ಊರಿಗೆ ಊರೇ ಹಸಿರು. ಗಾಳೆವ್ವನ ಕೊಡ ಮಾತ್ರ ಮೂರನೆಯ ಸಲ ಕೆಂಪಾಗಿತ್ತು.

ಗಾಳೆವ್ವ ಕೌದಿ ಹೊಲಿಯುವಾಕೆ. ಹಳೆ ಸೀರೆಗಳನ್ನು ಪದರ ಪದರ ಜೋಡಿಸಿ ಆಕೆ ಹೊಲಿದ ಕೌದಿ ಹೊದೆಯದವರು ಊರಲ್ಲಿಲ್ಲ. ಗಂಡ ಹೋಗಿ ಹನ್ನೆರಡು ವರ್ಷ, ಮಕ್ಕಳಿಲ್ಲ. ಕೆಳಗಿನ ಕೇರಿಯವರೆಲ್ಲ ಒಬ್ಬೊಬ್ಬರಾಗಿ ಪಟ್ಟಣ ಸೇರಿ, ಅಲ್ಲಿ ಉಳಿದದ್ದು ಅವಳ ಮನೆಯೊಂದೇ. ಕೌದಿಗೆಂದು ಮೇಲಿನ ಓಣಿಯ ಹೆಂಗಸರು ಬರುತ್ತಿದ್ದರು, ಕಟ್ಟೆಯ ಮೇಲೆ ಕೂತು ಗಂಟೆಗಟ್ಟಲೆ ಹರಟುತ್ತಿದ್ದರು. “ನೀರು ಕುಡೀತೀರೇನ್ರಿ?” ಅಂದರೆ ಸಾಕು, “ಈಗ ಕುಡದ ಬಂದೇನಿ ಗಾಳೆವ್ವಾ” ಎಂದು ಸೆರಗು ಸರಿಮಾಡಿಕೊಂಡು ಎದ್ದುಬಿಡುತ್ತಿದ್ದರು. ಆ ಕೇರಿಯ ನೀರು ಮುಟ್ಟುವುದಿಲ್ಲ ಎಂದು ಈಗ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಗುನಗುತ್ತಲೇ ಏಳುತ್ತಿದ್ದರು. ಗಾಳೆವ್ವನೂ ನಕ್ಕು ತಂಬಿಗೆ ಒಳಗಿಡುತ್ತಿದ್ದಳು.

ಕೆಂಪು ಕೊಡದ ನೀರನ್ನೇ ಕುಡಿದು ಈಗ ಮೊಣಕಾಲು ಬೇರೆ ಹಿಡಿಯತೊಡಗಿತ್ತು. ನೆಲಕ್ಕೆ ಕೂರಲಾಗದಿದ್ದರೆ ಕೌದಿಯಿಲ್ಲ. ಕೌದಿಯಿಲ್ಲದಿದ್ದರೆ ಬರುವ ಮಂದಿಯೂ ಇಲ್ಲ.

ಕೊಡ ಕಂಡುಹಿಡಿದ ಶಾಲ್ಮಲಾ ಕುಬಸದ ಅವರೇ ಧಾರವಾಡದಿಂದ ಬಂದರು. ಹೊಸ ಪೊರೆ ಹಚ್ಚಿ, ನೀರು ತುಂಬಿಸಿ, ಮಚ್ಚೆ ಹಸಿರಾಗುವವರೆಗೆ ಕಾದು ಕೂತರು.

“ದಿನಕ್ಕ ಎಷ್ಟು ನೀರು ತಗೀತೀರಿ?”

“ಕುಡ್ಯಾಕ ಎರಡು ತಂಬಿಗಿ. ಅಡಿಗಿಗೆ ಇನ್ನೊಂದೆರಡ್ರಿ.”

“ಇಷ್ಟ ಏನು? ಬಂದ ಮಂದಿ?”

“ಬರ್ತಾರ್ರಿ. ಕುಡದ ಬಂದಿರ್ತಾರ.”

ಶಾಲ್ಮಲಾ ಹಣೆ ಚಚ್ಚಿಕೊಂಡರು. ನೀರು ನಿಂತರೆ ಜೀವಾಣುಗಳಿಗೆ ಆಹಾರವಿಲ್ಲ, ಪೊರೆ ಸತ್ತುಹೋಗುತ್ತದೆ. ಕೊಡ ಸಣ್ಣದಾದರೂ ಅದು ಬದುಕದು. “ಒಂದು ಮನಿ ಅಂದ್ರ ಐದು ಮಂದಿ ಅಂತ ಹಿಡದಿದ್ದೆ. ತಪ್ಪು ನಂದ. ಕೊಡ ದಿನಾ ಖಾಲಿ ಆಗಬೇಕು. ಉಳದದ್ದು ಚೆಲ್ಲಿಬಿಡ್ರಿ.”

“ಕುಡಿಯೂ ನೀರು ಚೆಲ್ಲಂತೀರೇನ್ರೀ!” ಗಾಳೆವ್ವನಿಗೆ ಸಿಟ್ಟೇ ಬಂತು. “ಒಂದು ಕೊಡ ನೀರಿಗೆ ನಮ್ಮಜ್ಜಿ ಬಾವಿ ಕಟ್ಟಿ ಕೆಳಗ ಹೊತ್ತು ಮುಳುಗೂತನಾ ಕೈ ಮುಗದು ನಿಂತಾಕಿ. ನನ್ನ ಕೈಲೆ ಆಗೂದಿಲ್ರಿ.”

ಒಳಗೆ ಹೋಗಿ ತಂಬಿಗೆ ತುಂಬಿ ತಂದಳು, ಜೊತೆಗೆ ಒಂದು ಚೂರು ಬೆಲ್ಲ.

ಶಾಲ್ಮಲಾರ ಕೈ ಹೆಗಲಿನ ಬಾಟಲಿಗೆ ಹೋಯಿತು. “ಬ್ಯಾಡ್ರಿ, ಈಗ ಕುಡದೆ...”

ಗಾಳೆವ್ವ ರೂಢಿಯಂತೆ ನಕ್ಕು ತಂಬಿಗೆ ಹಿಂದಕ್ಕೆ ತೆಗೆದುಕೊಂಡಳು. ಅವಳ ಹಿಂದೆ, ಬಾಗಿಲೊಳಗೆ, ಕೊಡದ ಮಚ್ಚೆ ಹಚ್ಚಹಸಿರಾಗಿತ್ತು. ಅದನ್ನು ನೋಡಿದ ಶಾಲ್ಮಲಾರ ಮುಖ ಕೆಂಪೇರಿತು. ಎರಡೂ ಕೈ ಚಾಚಿ ತಂಬಿಗೆ ಇಸಿದುಕೊಂಡು, ತಳ ಕಾಣುವವರೆಗೆ ಕುಡಿದರು.

ಗಾಳೆವ್ವ ಬೆರಳು ಮಡಚಿದಳು. “ನಾ ಒಬ್ಬಾಕಿ, ನೀವೊಬ್ರು. ಇನ್ನ ಮೂರು ಮಂದಿ ಬೇಕಲ್ರಿ?”

ಶಾಲ್ಮಲಾ ಬಾಟಲಿ ಹೆಗಲಿಗೇರಿಸಿ ಹೊರಟರು. ಮರುದಿನ ಅವರಿಗೆ ಬೇರೆ ಊರಿತ್ತು.

ಅಂದಿನಿಂದ ಗಾಳೆವ್ವ ಬೆಳಿಗ್ಗೆ ಎದ್ದವಳೇ ಮೂರು ತಂಬಿಗೆ ನೀರು ತುಂಬಿ, ತಟ್ಟೆ ಮುಚ್ಚಿ, ಕಟ್ಟೆಯ ಮೇಲಿಟ್ಟು ಸೂಜಿ ಹಿಡಿಯುತ್ತಾಳೆ. ಹೆಂಗಸರು ಬರುತ್ತಾರೆ, ಹರಟುತ್ತಾರೆ, ಏಳುತ್ತಾರೆ. ಸಂಜೆಗೆ ಆ ನೀರು ಮತ್ತೆ ಕೊಡಕ್ಕೇ. ಮಚ್ಚೆಯ ಅಂಚು ಆಗಲೇ ತುಸು ಕೆಂಪಾಗಿದೆ.

ಆ ಕಟ್ಟೆ ನೋಡಲು 2061ರವರೆಗೆ ಕಾಯಬೇಕಾಗಿಲ್ಲ. ನಮ್ಮ ನಮ್ಮ ಊರಲ್ಲೇ ಇದೆ. ತಂಬಿಗೆಗಳು ತುಂಬಿವೆ.