ಹದಿನೆಂಟು ಮನೆಗಳ ಕರಾರು

“ಎರಡೆಕರೆಯವ್ರ ಜೋಡಿ ಗಿರಣಿ ಕರಾರು ಮಾಡಂಗಿಲ್ಲ, ಯವ್ವಾ. ಮುಂದಿನವ್ರು ಬರ್ರಿ!”

ತಲೆ ಎತ್ತದೆ ಹಾಗಂದವನು ಪ್ರಭುಲಿಂಗಪ್ಪ. ಹೊಸ ತಳಿಯ ಬೀಜ ಹಂಚಲು ಗಜೇಂದ್ರಗಡದ ಹತ್ತಿ ಗಿರಣಿಯವರು ಚಿಕ್ಕನರಗುಂದಕ್ಕೆ ಕಳಿಸಿದ್ದ ಮನುಷ್ಯ. ಬೀಜ ಗಿರಣಿಯದು, ದುಡಿಮೆ ರೈತರದು. ಬೆಳೆದ ಹತ್ತಿಯನ್ನು ಪೇಟೆಗಿಂತ ಒಳ್ಳೆಯ ದರಕ್ಕೆ ಗಿರಣಿಯೇ ಕೊಳ್ಳುತ್ತದೆ. ಆದರೆ ದೊಡ್ಡ ಹೊಲದವರಿಂದ ಮಾತ್ರ!

ಸಿದ್ದಲಿಂಗವ್ವ ನಿಂತಲ್ಲಿಂದ ಅಲ್ಲಾಡಲಿಲ್ಲ. ಅಪ್ಪನ ಕಣ್ಣಿಗೆ ಪೊರೆ ಬಂದ ಮೇಲೆ ಹೊಲ, ಮನೆ ಎರಡೂ ಅವಳ ತಲೆಯ ಮೇಲೇ ಇದ್ದವು.

“ಎರಡೆಕರೆಯವ್ರು ಹದಿನೆಂಟು ಮನಿಯವ್ರು ಕೂಡಿದ್ರ ಮೂವತ್ತಾರು ಎಕರೆ ಆಗಂಗಿಲ್ಲೇನ್ರಿ? ಗಿರಣಿಯವ್ರಿಗೆ ಅಷ್ಟೂ ತಿಳಿಯಂಗಿಲ್ಲೇನು?”

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಪ್ರಭುಲಿಂಗಪ್ಪ ತಲೆ ಎತ್ತಿದ. ಎತ್ತಿದವನು ಇಳಿಸುವುದನ್ನೇ ಮರೆತ!

ಎಂಟು ದಿನಗಳ ಮೇಲೆ ಅವನು ಹದಿನೆಂಟು ಮನೆಗಳಿಗೂ ಸೇರಿ ಒಂದೇ ಕರಾರು ತಂದ. ಅದಕ್ಕಾಗಿ ಗಿರಣಿಯ ಸಾಹುಕಾರರ ಮುಂದೆ ತನ್ನ ನೌಕರಿಯನ್ನೇ ಪಣಕ್ಕಿಟ್ಟಿದ್ದ. ಷರತ್ತು ಒಂದೇ. ಯಾವ ಹೊಲದಲ್ಲಾದರೂ ಹಳೆಯ ಹತ್ತಿ ಬೆರೆತರೆ, ಹದಿನೆಂಟು ಮನೆಗಳಲ್ಲಿ ಯಾರ ಹತ್ತಿಯನ್ನೂ ಕೊಳ್ಳುವುದಿಲ್ಲ.

ಬಿತ್ತನೆಯಾಯಿತು. ಪ್ರತಿ ವಾರ ಅವನ ಸೈಕಲ್ಲು ಬರತೊಡಗಿತು. ಹದಿನೇಳು ಹೊಲ ನೋಡಲು ಅವನಿಗೆ ಅರ್ಧ ದಿನ ಸಾಕಾಗುತ್ತಿತ್ತು. ಅವಳದೊಂದು ಹೊಲಕ್ಕೆ ಉಳಿದರ್ಧ ದಿನ! ಊರಿಗೆ ಕಣ್ಣಿರಲಿಲ್ಲವೇ? ಇತ್ತು, ಆದರೆ ಜನ ಸುಮ್ಮನೆ ನಗುತ್ತಿದ್ದರು. ಸಿದ್ದಲಿಂಗವ್ವನೂ ಒಲೆಯ ಮುಂದೆ ಒಬ್ಬಳೇ ನಗುವುದನ್ನು ಕಲಿತಿದ್ದಳು.

ಕಾರ್ತಿಕದಲ್ಲಿ ಗಿಡಗಳು ಹೂಬಿಟ್ಟವು. ಹೊಸ ತಳಿಯದು ಕೆನೆಬಣ್ಣದ ಹೂವು. ಆದರೆ ಆ ದಿನ ಪ್ರಭುಲಿಂಗಪ್ಪ ಅವಳ ಹೊಲದಿಂದ ಹಿಡಿದು ತಂದದ್ದು ಹಳದಿ ಹೂವು, ನಡುವೆ ಕೆಂಪು ಕಲೆ. ಹಳೆಯ ಹತ್ತಿಯದು!

“ನಾ ಕೊಟ್ಟ ಬೀಜ ನರಗುಂದದ ಪೇಟ್ಯಾಗ ಮಾರಿ, ಹಳೇದು ಬಿತ್ತಿದ್ದೀಯೇನು?”

ಅವಳು ಕೈಚಾಚಿ ಆ ಹೂವನ್ನು ತೆಗೆದುಕೊಂಡಳು.

“ಮಾತಾಡು ಸಿದ್ದವ್ವ! ನಾಳೆ ಮಧ್ಯಾಹ್ನ ಸಾಹುಕಾರ್ರು ಹೊಲ ನೋಡಾಕ ಬರ್ತಾರ. ಏನಂತ ಹೇಳಲಿ? ನಿನ್ನ ನಂಬಿ ಕೆಟ್ಟೆ!”

ಕಳ್ಳಿ ಅಂದನಲ್ಲ... ಇವನೇ ಅಂದನಲ್ಲ! ಅವಳು ಬಾಯಿ ತೆರೆಯುವಷ್ಟರಲ್ಲಿ ಸೈಕಲ್ಲು ಹೊರಟೇಹೋಗಿತ್ತು.

ನಡೆದದ್ದು ಇಷ್ಟೇ. ಅವಳ ಮನೆಯಲ್ಲಿ ಬಿತ್ತುವಾಗ ಹೋದ ವರ್ಷದ ಮನೆಬೀಜ ಒಂದು ಹಿಡಿ ಬೆರೆಸುವುದು ಹೆಂಗಸರ ಪದ್ಧತಿ. ಹೋದ ಬೇಸಿಗೆಯಲ್ಲಿ ತೀರಿಕೊಂಡ ಅವ್ವ, ಕೊನೆಯದಾಗಿ ಕಟ್ಟಿಟ್ಟಿದ್ದ ಗಂಟು ಅದು. ಹೊಸ ಬೀಜಕ್ಕೆ ಸೆಗಣಿ ಸವರುವಾಗ ಸಿದ್ದಲಿಂಗವ್ವ ಅದನ್ನೂ ಕಣ್ಣಿಗೊತ್ತಿಕೊಂಡು ಬುಟ್ಟಿಗೆ ಸುರಿದಿದ್ದಳು. ಒಂದು ಹಿಡಿಯಿಂದ ಏನಾದೀತು ಎಂದುಕೊಂಡಿದ್ದಳು. ಈಗ ಅದು ಎರಡೆಕರೆಯ ತುಂಬ ಚದುರಿ ಹೂವಾಗಿತ್ತು.

ಸಂಜೆ ನೆರೆಮನೆಯ ಮಾಬೂಬಿ ಖುಷಿಯಿಂದ ಬಂದಳು. “ಯವ್ವಾ, ಹತ್ತಿ ಗಿರಣಿಗೆ ಹೋತಂದ್ರ ನಮ್ಮ ಒಂಟಿ ಎತ್ತಿಗೆ ಜೋಡಿ ತರ್ತೀವಿ. ಎಲ್ಲಾ ನಿನ್ನ ಪುಣ್ಯಾ!”

ಸಿದ್ದಲಿಂಗವ್ವ ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಕೂಡೋಣ ಅಂದವಳೂ ನಾನೇ, ಎಲ್ಲರನ್ನೂ ಮುಳುಗಿಸಿದವಳೂ ನಾನೇ...

ಬೆಳಕು ಹರಿಯುತ್ತಲೇ ಅವಳು ಹೊಲದಲ್ಲಿದ್ದಳು. ಹಳದಿ ಹೂವು ಕಂಡಲ್ಲೆಲ್ಲ ಗಿಡವನ್ನು ಬೇರುಸಹಿತ ಕಿತ್ತಳು. ಕೈ ಹರಿದು ರಕ್ತ ಬಂತು. ಅರ್ಧ ಎಕರೆಯೂ ಮುಗಿಯಲಿಲ್ಲ, ಬಿಸಿಲು ಏರುತ್ತಲೇ ಇತ್ತು. ದೇವರೇ, ಇದು ಒಬ್ಬಳಿಂದ ಆಗುವ ಕೆಲಸವಲ್ಲ!

ಪಕ್ಕದ ಸಾಲಿನಲ್ಲಿ ಇನ್ನೊಬ್ಬರು ಗಿಡ ಕೀಳುವ ಸದ್ದು. ತಿರುಗಿದಳು. ಪ್ರಭುಲಿಂಗಪ್ಪ!

“ಬೀಜ ಮಾರಿದ್ರ ಹೊಲಾ ಎಲ್ಲಾ ಹಳದಿ ಆಗಬೇಕಿತ್ತು,” ಅವನ ದನಿ ಒಡೆದಿತ್ತು. “ಇಲ್ಲೊಂದು ಅಲ್ಲೊಂದು ಐತಿ. ನಿನ್ನೆ ಸಿಟ್ಟಿನ್ಯಾಗ ಅದು ಕಾಣಲೇ ಇಲ್ಲ ನನಗ. ಈಗರ ಹೇಳು, ಏನಾತು?”

ಅವಳು ಹೇಳಿದಳು. ಅವ್ವನ ಗಂಟಿನ ಮಾತು ಬಂದಾಗ ಅವನು ಮುಖ ಆಚೆ ತಿರುಗಿಸಿದ.

“ಲಗೂ ಕೀಳೂಣು. ಸಾಹುಕಾರ್ರಿಗೆ ಗೊತ್ತಾಗಂಗಿಲ್ಲ.”

“ಬ್ಯಾಡ್ರಿ. ಹೂಬಿಡದ ಹಳೇ ಗಿಡ ಇನ್ನೂ ಎಷ್ಟು ಅದಾವೋ! ನಾಳೆ ಬೆರಕಿ ಸಿಕ್ರ ಹದಿನೆಂಟೂ ಮನಿ ಹೋಗ್ತಾವು. ನಾನೇ ಹೇಳ್ತೀನಿ.”

ಮಧ್ಯಾಹ್ನ ಮೋಟಾರು ಬಂತು. ಸಿದ್ದಲಿಂಗವ್ವ ಸಾಹುಕಾರರ ಎದುರಿಗೇ ನಿಂತಳು. “ತಪ್ಪು ನಂದೊಂದೇ ಹೊಲದಾಗ ಆಗೇತ್ರಿ. ನನ್ನ ಹತ್ತಿ ಕೊಳ್ಳಬ್ಯಾಡ್ರಿ, ಉಳಿದವ್ರನ್ನ ಕೈಬಿಡಬ್ಯಾಡ್ರಿ!”

ಸಾಹುಕಾರರು ಬದುವಿನ ಮೇಲಿನ ಗಿಡಗಳ ರಾಶಿ ನೋಡಿದರು, ಅವಳ ಕೈ ನೋಡಿದರು. ಆಮೇಲೆ ಹದಿನೇಳು ಹೊಲಗಳನ್ನೂ ನಡೆದು ನೋಡಿದರು. ಎಲ್ಲೆಲ್ಲೂ ಕೆನೆಬಣ್ಣದ ಹೂವುಗಳೇ.

“ಹದಿನೇಳು ಮನೀದು ತಗೋತೀವಿ. ಈ ಹೊಲದ್ದು ಈ ವರ್ಷ ಬ್ಯಾಡ. ಮುಂದಿನ ವರ್ಷ ಮೊದಲ ಬೀಜ ಈಕಿಗೇ ಕೊಡು, ಪ್ರಭುಲಿಂಗಪ್ಪ.”

ಮೋಟಾರು ಹೋದ ಮೇಲೆ ಅವಳು ಬದುವಿನ ಮೇಲೆ ಕುಸಿದು ಕುಳಿತಳು. ನಷ್ಟಕ್ಕೆ ಅತ್ತಳೋ, ನೆಮ್ಮದಿಗೆ ಅತ್ತಳೋ ಅವಳಿಗೇ ತಿಳಿಯಲಿಲ್ಲ. ಅವನು ತನ್ನ ಹೆಗಲ ವಸ್ತ್ರ ಹರಿದು ಅವಳ ಅಂಗೈಗೆ ಕಟ್ಟಿದ.

“ನಿನ್ನೆ ಅಂದ ಮಾತಿಗೆ ಏನು ಮಾಡಲಿ, ಸಿದ್ದವ್ವ?”

“ಆ ಮಾತು ನಾ ಮರಿಯಂಗಿಲ್ರಿ.”

ಅವನ ಮುಖ ಬಾಡಿತು. ಅವಳು ವಸ್ತ್ರ ಸುತ್ತಿದ ತನ್ನ ಕೈಯನ್ನು ನೋಡುತ್ತಾ ಮೆಲ್ಲಗೆ ಅಂದಳು, “ದಿನಾ ಕಣ್ಣಮುಂದ ಇದ್ರ... ಮರೀಬಹುದೇನೋ.”

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು!

“ಹಂಗಾರ... ನಮ್ಮ ಹಿರ್ಯಾರ್ನ ಕರ್ಕೊಂಡು ಬರ್ಲೇನು? ಸೋಮವಾರ?”

“ಸೋಮವಾರಾ?” ಅವಳು ಒದ್ದೆ ಕಣ್ಣೆತ್ತಿ ಅವನನ್ನೇ ನೋಡಿದಳು. “ಇವತ್ತಿನ್ನೂ ಮಂಗಳವಾರ ಐತಲ್ರಿ!”