ಕಾಲು ಮಾತ್ರೆ

“ನಗಬೇಡಿ ಸಾರ್. ಮೊನ್ನೆ ನನ್ನ ತಮ್ಮ ಇದೇ ಬೆಂಚಿನ ಮೇಲೆ ಕೂತು, ಹೆಂಡ್ತಿ ಉಪ್ಪು ಬಚ್ಚಿಡ್ತಾಳೆ ಅಂದಾಗ್ಲೂ ನೀವು ಹಿಂಗೇ ನಕ್ಕಿದ್ರಂತೆ. ಇವತ್ತು ಹೆಣವಾಗಿ ಮಲಗಿದಾನೆ.”

ಬೆಳಗ್ಗೆ ಒಂಬತ್ತೂ ಇಪ್ಪತ್ತು. ಮುಖ್ಯಪೇದೆಯ ನಗು ಅಲ್ಲೇ ಇಂಗಿತು. ಠಾಣೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಮೀಸೆ ಎಂದೇ.

“ಮೀಸೆ, ಬಂದಿದ್ನಾ?” ಇನ್ಸ್‌ಪೆಕ್ಟರ್ ಕೇಳಿದರು.

“ಬಂದಿದ್ದ ಸಾರ್. ಬಡಗಿ ಕೆಲ್ಸದವನು. ಗೋಡೆ ಹಿಡ್ಕೊಂಡು ಬಂದ, ಕುಡ್ದಿದಾನೆ ಅಂದ್ಕೊಂಡೆ. ಉಪ್ಪಿಗೆಲ್ಲ ಎಫ್‌ಐಆರ್ ಹಾಕಿದ್ರೆ ನಾಳೆ ಸಕ್ಕರೆಗೂ ಬರ್ತೀರಾ ಅಂತ ಹೇಳಿ ಕಳಿಸ್ದೆ.”

ಸತ್ತವನ ಅಕ್ಕನ ದೂರನ್ನು ಬರೆದುಕೊಂಡರು. ಶವ ಮರಣೋತ್ತರ ಪರೀಕ್ಷೆಗೆ ಹೋಯಿತು. ಹನ್ನೊಂದು ಗಂಟೆಗೆ ಪಂಚರನ್ನು ಕರೆದುಕೊಂಡು ಇನ್ಸ್‌ಪೆಕ್ಟರ್, ಮೀಸೆ ಮತ್ತು ಒಬ್ಬಳು ಮಹಿಳಾ ಪೇದೆ ಮನೆಗೆ ಹೋದರು.

ಇಸ್ತ್ರಿ ಅಂಗಡಿಯ ಹಿಂದೆ ಎರಡು ಕೋಣೆ. ಅಂಗಡಿಯಲ್ಲಿ ಇಸ್ತ್ರಿ ಹಾಕುತ್ತಿದ್ದವಳು ಸತ್ತವನ ಹೆಂಡತಿಯೇ. ಗೋಡೆಗೆ ತಾಗಿ ಮಂಚ, ಮಂಚದ ಕೆಳಗೆ ಉಳಿ ಗರಗಸಗಳ ಪೆಟ್ಟಿಗೆ, ಎಲ್ಲವಕ್ಕೂ ತುಕ್ಕು. ಅಡುಗೆ ಕಟ್ಟೆಯ ಮೇಲೆ ಬೇಕಾದ್ದೆಲ್ಲ ಇತ್ತು, ಉಪ್ಪೊಂದು ಬಿಟ್ಟು. ಅದು ಸಿಕ್ಕಿದ್ದು ಅಂಗಡಿಯ ಇದ್ದಿಲು ಚೀಲದ ಹಿಂದೆ. ಪಕ್ಕದಲ್ಲಿ ಸಣ್ಣ ಡಬ್ಬಿ. ತೆರೆದರೆ ತುಂಬ ಮಾತ್ರೆಯ ಚೂರುಗಳು. ಒಂದೊಂದರಲ್ಲೂ ಒಂದು ಮೂಲೆಯನ್ನು ಮಾತ್ರ ನೀಟಾಗಿ ಕತ್ತರಿಸಿ ತೆಗೆದಿದ್ದರು.

“ಮುಕ್ಕಾಲು ಇಲ್ಲಿದೆ. ಕಾಲು ಅವನ ಹೊಟ್ಟೆಗೆ ಹೋಗಿದೆ,” ಎಂದ ಮೀಸೆ. ಪಂಚನಾಮೆಗೆ ಸಹಿಯಾಯಿತು.

ನಾಲ್ಕು ಗಂಟೆಗೆ, ಅವನಿಗೆ ಮಾತ್ರೆ ಬರೆದುಕೊಡುತ್ತಿದ್ದ ಆಸ್ಪತ್ರೆಯ ಡಾಕ್ಟರಮ್ಮ ಆ ಚೂರುಗಳನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿದರು.

“ಮೂತ್ರಪಿಂಡದ ತಲೆ ಮೇಲೆ ಟೋಪಿ ಥರ ಒಂದು ಗ್ರಂಥಿ ಇರುತ್ತೆ. ಅದರ ಒಂದು ಹಾರ್ಮೋನು ಮೈಯಿಂದ ಉಪ್ಪು ಸೋರಿ ಹೋಗದ ಹಾಗೆ ತಡೆಯುತ್ತೆ. ಉಪ್ಪು ಉಳಿದ್ರೆ ನೀರು ಉಳಿಯುತ್ತೆ, ನೀರು ಉಳಿದ್ರೆ ರಕ್ತದ ಒತ್ತಡ ಇಳಿಯದೆ ನಿಲ್ಲುತ್ತೆ. ಇನ್ನೊಂದು ಹಾರ್ಮೋನು ರಕ್ತನಾಳಗಳನ್ನ ಬಿಗಿಯಾಗಿಡುತ್ತೆ. ಈತನಿಗೆ ಆ ಗ್ರಂಥಿ ಕೆಟ್ಟು ವರ್ಷಗಳಾಗಿದ್ವು. ಮಾತ್ರೆ ಮೇಲೇ ನಿಂತಿದ್ದ ಜೀವ.”

“ಬಿಪಿಗೆ ಉಪ್ಪು ಬೇಡ ಅಂತಾರಲ್ಲ ಡಾಕ್ಟ್ರೇ?” ಇನ್ಸ್‌ಪೆಕ್ಟರ್ ಕೇಳಿದರು.

“ಅದು ಬಿಪಿ ಏರೋರಿಗೆ. ಇವರದು ಇಳಿಯೋ ಕಾಯಿಲೆ. ಮೈ ತಾನಾಗೇ ಉಪ್ಪು ಬೇಡುತ್ತೆ. ಜ್ವರ ಬಂದ್ರಂತೂ ಮಾತ್ರೆ ಎರಡರಷ್ಟು ಬೇಕು. ಇಲ್ದಿದ್ರೆ ನಾಳಗಳು ಸಡಿಲ ಬಿಟ್ಟುಬಿಡ್ತಾವೆ. ರಕ್ತ ಇರುತ್ತೆ, ಅದನ್ನ ತಲೆವರೆಗೆ ತಳ್ಳೋ ಕಸುವು ಇರಲ್ಲ.”

ಸಂಜೆ ಐದಕ್ಕೆ ಹೆಂಡತಿಯನ್ನು ಠಾಣೆಗೆ ಕರೆತಂದರು. ಕೈ ತುಂಬ ಇಸ್ತ್ರಿಯ ಸುಟ್ಟ ಗೀರುಗಳು. ಮಹಿಳಾ ಪೇದೆ ಪಕ್ಕದಲ್ಲೇ ಕೂತಳು.

“ಮಾತ್ರೆ ಯಾಕಮ್ಮಾ ಕತ್ತರಿಸ್ತಿದ್ರಿ?” ಎಂದರು ಇನ್ಸ್‌ಪೆಕ್ಟರ್.

“ಪೂರ್ತಿ ಕೊಟ್ರೆ ಎದ್ದು ನಿಲ್ತಾರೆ.”

“ನಿಂತ್ರೆ ಏನೀಗ?”

ಅವಳು ಬಾಯಿ ತೆರೆದು ತೋರಿಸಿದಳು. ಎಡಗಡೆ ಮೂರು ಹಲ್ಲಿರಲಿಲ್ಲ.

“ಹೋದ ವರ್ಷ ಔಷಧಿ ಅಂಗಡೀಲಿ ನಾಲ್ಕು ದಿನ ಮಾತ್ರೆ ಸಿಗ್ಲಿಲ್ಲ ಸಾರ್. ಆ ನಾಲ್ಕು ದಿನ ಕೈ ಎತ್ತಲಿಲ್ಲ. ಎತ್ತೋಕೆ ಆಗ್ತಿರ್ಲಿಲ್ಲ. ಊಟ ಮಾಡಿದ್ಯಾ ಅಂತ ಕೇಳಿದ್ರು. ಮದುವೆ ಆದಾಗಿಂದ ಅದೇ ಮೊದಲು.”

“ಅದಕ್ಕೆ ಕೊಲ್ಲೋದಾ?”

“ಸಾಯ್ಲಿ ಅಂತ ಅಲ್ಲ. ಕೂತಿರ್ಲಿ ಅಂತ. ಕೂತಿದ್ರೆ ನಾನೇ ದುಡಿದು ಹಾಕ್ತಿದ್ದೆ, ಸಾಯೋವರೆಗೂ. ಉಪ್ಪು ತಿಂದ್ರೂ ಎದ್ದುಬಿಡೋರು, ಅದಕ್ಕೆ ಬಚ್ಚಿಟ್ಟೆ. ಜ್ವರ ಬಂತು. ಗಾಬರಿಯಾಗಿ ಎರಡು ಪೂರ್ತಿ ಮಾತ್ರೆ ಕೊಟ್ಟೆ. ವಾಂತಿ ಮಾಡ್ಕೊಂಡ್ರು.”

“ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು ತಾನೆ?”

“ಮಾತ್ರೆ ಸರಿಯಾಗಿ ಕೊಡ್ತಿದ್ಯಾ ಅಂತ ಕೇಳ್ತಾರಲ್ಲ ಸಾರ್.”

“ಹೊಡೆದಾಗ ಇಲ್ಲಿಗೆ ಬರಬಹುದಿತ್ತು.”

“ಎರಡು ಸಲ ಬಂದಿದ್ದೆ. ಈ ಮೀಸೆ ಸಾರೇ ಟೀ ತರ್ಸಿಕೊಟ್ರು. ಒಳ್ಳೇವ್ರು. ಸ್ವಲ್ಪ ಅನುಸರಿಸ್ಕೊಂಡು ಹೋಗಮ್ಮ ಅಂದ್ರು.”

ಮೀಸೆ ಪೆನ್ನು ಹುಡುಕುವ ನೆಪದಲ್ಲಿ ಹೊರಗೆ ಹೋದ. ಐದೂ ನಲವತ್ತಕ್ಕೆ ದಸ್ತಗಿರಿ ಆಯಿತು.

ಬಾಗಿಲಲ್ಲಿ ಸತ್ತವನ ಅಕ್ಕ ನಿಂತಿದ್ದಳು. ಒಳಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು.

“ಅವನು ಹೊಡೀತಿದ್ದಿದ್ದು ನಿಮಗೆ ಗೊತ್ತಿತ್ತೇನಮ್ಮಾ?” ಎಂದರು ಇನ್ಸ್‌ಪೆಕ್ಟರ್.

“ಗೊತ್ತಿತ್ತು ಸಾರ್.”

“ಮತ್ತೆ, ಯಾರಿಗಾದ್ರೂ ಹೇಳ್ಬಾರ್ದಿತ್ತಾ?”

“ಯಾರಿಗೆ? ನಿಮಗಾ?”

ಇನ್ಸ್‌ಪೆಕ್ಟರ್ ಜೀಪು ತರಲು ಹೇಳಿದರು. ಮ್ಯಾಜಿಸ್ಟ್ರೇಟರಿಗೆ ಒಪ್ಪಿಸುವ ಮೊದಲು ಆರೋಪಿಯ ವೈದ್ಯಕೀಯ ತಪಾಸಣೆ ಆಗಬೇಕಿತ್ತು. ಆಸ್ಪತ್ರೆಯಲ್ಲಿ ನರ್ಸು ಅವಳ ತೋಳಿಗೆ ಬಿಪಿ ಪಟ್ಟಿ ಸುತ್ತಿ ಗಾಳಿ ತುಂಬಿದಳು. ಮುಳ್ಳು ನೋಡಿ ಹುಬ್ಬೇರಿಸಿದಳು.

“ತುಂಬಾ ಜಾಸ್ತಿ ಇದೆ. ಹತ್ತು ನಿಮಿಷ ಸುಮ್ನೆ ಕೂತ್ಕೊಳ್ಳಿ, ಇನ್ನೊಂದ್ಸಲ ನೋಡ್ತೀನಿ.”

ಅವಳು ಬೆಂಚಿನ ಮೇಲೆ ಕೂತಳು. ಕೂತ ಸ್ವಲ್ಪ ಹೊತ್ತಿಗೇ ತಲೆ ಮಹಿಳಾ ಪೇದೆಯ ಭುಜಕ್ಕೆ ವಾಲಿತು. ಸಣ್ಣಗೆ ಗೊರಕೆ ಶುರುವಾಯಿತು. ಹೊರಗೆ ಜೀಪಿನ ಹಾರ್ನು ಎರಡು ಸಲ ಕೂಗಿತು. ಪೇದೆ ಭುಜ ಕದಲಿಸಲಿಲ್ಲ.